ಮಕ್ಕಳ ಅಂಕದಿಂದ ಶಿಕ್ಷಕರನ್ನು ಅಳೆಯಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಮಾಣೀಕೃತ ಪರೀಕ್ಷೆ ಮತ್ತು ಶಿಕ್ಷಕರ ಉತ್ತರದಾಯಿತ್ವದ ಬಗ್ಗೆ ಶಿಕ್ಷಕರು, ಮುಖ್ಯೋಪಾಧ್ಯಾಯರು, ಪೋಷಕರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕೆಲವು ಕಡೆ ಸ್ವಲ್ಪ ಲೆಕ್ಕ ಬರುತ್ತದೆ. ಅದನ್ನು ಹಾರಿಸದೆ ಓದಿ, ಈ ವಿಷಯದ ಜಗಳಗಳಲ್ಲಿ ಅರ್ಧ ಹುಟ್ಟುವುದೇ ಅಲ್ಲಿ.

ಪ್ರಮಾಣೀಕೃತ ಪರೀಕ್ಷೆಗೂ ಶಾಲೆಯ ಕಿರುಪರೀಕ್ಷೆಗೂ ಏನು ವ್ಯತ್ಯಾಸ?

ಪರೀಕ್ಷೆ ಬರೆಯುವ ಎಲ್ಲ ಮಕ್ಕಳಿಗೂ ಒಂದೇ ಮಟ್ಟದ ಪ್ರಶ್ನೆ, ಒಂದೇ ಅವಧಿ, ಒಂದೇ ಸೂಚನೆ, ಅಂಕ ಕೊಡುವುದಕ್ಕೆ ಒಂದೇ ನಿಯಮ ಇದ್ದರೆ ಅದು ಪ್ರಮಾಣೀಕೃತ ಪರೀಕ್ಷೆ. ಬಹು ಆಯ್ಕೆಯ ಪ್ರಶ್ನೆಗಳೇ ಆಗಬೇಕೆಂದಿಲ್ಲ. ಪ್ರಬಂಧ ಬರೆಸಿದರೂ ನಡೆಯುತ್ತದೆ, ಆದರೆ ಬೇರೆ ಬೇರೆ ಊರಿನಲ್ಲಿ ಕುಳಿತ ಇಬ್ಬರು ಮೌಲ್ಯಮಾಪಕರು ಒಂದೇ ಉತ್ತರಕ್ಕೆ ಹೆಚ್ಚುಕಮ್ಮಿ ಒಂದೇ ಅಂಕ ಕೊಡುವಂತಿರಬೇಕು.

ತಯಾರಿಯ ಕ್ರಮ ಹೀಗೆ. ಮೊದಲು ನೀಲನಕ್ಷೆ: ಯಾವ ಘಟಕಕ್ಕೆ ಎಷ್ಟು ಅಂಕ, ಅದರಲ್ಲಿ ಸ್ಮರಣೆಗೆಷ್ಟು, ಅನ್ವಯಕ್ಕೆಷ್ಟು ಎಂಬ ಕೋಷ್ಟಕ. ನಂತರ ಬೇಕಾದದ್ದಕ್ಕಿಂತ ಎರಡು ಮೂರು ಪಟ್ಟು ಪ್ರಶ್ನೆ ಬರೆಸಿ, ಕೆಲವು ನೂರು ಮಕ್ಕಳ ಮೇಲೆ ಪ್ರಯೋಗಿಸಿ, ಕೆಟ್ಟವನ್ನು ಕಿತ್ತುಹಾಕುತ್ತಾರೆ. ಕೊನೆಯದು, ಹೆಚ್ಚಿನವರು ಬಿಟ್ಟುಬಿಡುವ ಹಂತ: ಈ ವರ್ಷದ ಪತ್ರಿಕೆಯನ್ನು ಹಿಂದಿನ ವರ್ಷದ್ದಕ್ಕೆ ಸರಿಹೊಂದಿಸುವುದು. ಅದಕ್ಕಾಗಿ ಸಾಮಾನ್ಯವಾಗಿ ಐದನೇ ಒಂದು ಭಾಗದಷ್ಟು ಪ್ರಶ್ನೆಗಳನ್ನು ಎರಡೂ ವರ್ಷಗಳಲ್ಲಿ ಹಾಗೆಯೇ ಇಡುತ್ತಾರೆ, ಗುಟ್ಟಾಗಿ. ಈ ಹೊಂದಾಣಿಕೆ ಇಲ್ಲದಿದ್ದರೆ ಸರಾಸರಿ 58ರಿಂದ 64ಕ್ಕೆ ಏರಿತು ಎಂಬ ಮಾತಿಗೆ ಅರ್ಥವಿಲ್ಲ. ಪತ್ರಿಕೆ ಸುಲಭವಾಗಿದ್ದಿರಬಹುದು, ಅಷ್ಟೇ.

ಒಂದು ಪ್ರಶ್ನೆ ಚೆನ್ನಾಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಎರಡು ಸಂಖ್ಯೆಗಳನ್ನು ನೋಡಿ. ಮೊದಲನೆಯದು ಕಠಿಣತೆಯ ಸೂಚ್ಯಂಕ: 40 ಮಕ್ಕಳಲ್ಲಿ 32 ಮಂದಿ ಸರಿಮಾಡಿದರೆ 0.80 (ಸಂಖ್ಯೆ ಹೆಚ್ಚಿದಷ್ಟೂ ಪ್ರಶ್ನೆ ಸುಲಭ). ಎರಡನೆಯದು ಭೇದಕ ಸೂಚ್ಯಂಕ, ಅಂದರೆ ಚೆನ್ನಾಗಿ ಕಲಿತವರನ್ನು ಕಲಿಯದವರಿಂದ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಎಂಬ ಅಳತೆ. ಒಟ್ಟು ಅಂಕದ ಪ್ರಕಾರ ಮಕ್ಕಳನ್ನು ಸಾಲು ಮಾಡಿ, ಮೇಲಿನ ಶೇ 27 ಮತ್ತು ಕೆಳಗಿನ ಶೇ 27 ತೆಗೆದುಕೊಳ್ಳಿ. 40ರ ತರಗತಿಯಲ್ಲಿ ತಲಾ 11 ಮಕ್ಕಳು. ಮೇಲಿನವರಲ್ಲಿ 10, ಕೆಳಗಿನವರಲ್ಲಿ 4 ಮಂದಿ ಸರಿ ಬರೆದಿದ್ದರೆ (10 − 4) ÷ 11 = 0.55. ಇದು ಒಳ್ಳೆಯ ಪ್ರಶ್ನೆ. 0.20ಕ್ಕಿಂತ ಕಡಿಮೆ ಬಂದರೆ ಅನುಮಾನಪಡಿ. ಋಣ ಸಂಖ್ಯೆ ಬಂದರೆ, ಅಂದರೆ ಜಾಣ ಮಕ್ಕಳೇ ಹೆಚ್ಚು ತಪ್ಪು ಮಾಡಿದ್ದರೆ, ಮೊದಲು ಕೀ ಉತ್ತರ ತಪ್ಪಿದೆಯೇ ನೋಡಿ. ಬಹುಪಾಲು ಅಲ್ಲೇ ಎಡವಟ್ಟಾಗಿರುತ್ತದೆ.

ತಪ್ಪು ಆಯ್ಕೆಗಳಿಗೂ ಬೆಲೆ ಇದೆ. 402 − 187 ಎಷ್ಟು? ಆಯ್ಕೆಗಳು: 215, 225, 315, 385. ಸರಿ ಉತ್ತರ 215. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದ ಮಗು 385 ಎನ್ನುತ್ತದೆ. ಹತ್ತರ ಸ್ಥಾನದಿಂದ ದಶಕ ತೆಗೆದುಕೊಂಡ ಮೇಲೆ ಅಲ್ಲಿ ಉಳಿದದ್ದು 9 ಎಂಬುದನ್ನು ಮರೆತರೆ 225. ನೂರರ ಸ್ಥಾನದ 4ನ್ನು 3 ಮಾಡಲು ಮರೆತರೆ 315. ತರಗತಿಯಲ್ಲಿ 18 ಮಂದಿ 385 ಆರಿಸಿದ್ದಾರೆ ಎಂದು ಗೊತ್ತಾದ ಶಿಕ್ಷಕಿಗೆ ನಾಳೆ ಏನು ಪಾಠ ಮಾಡಬೇಕೆಂಬುದು ಸ್ಪಷ್ಟ: ಸ್ಥಾನಬೆಲೆ. ‘ಗಣಿತದಲ್ಲಿ ಸರಾಸರಿ 47’ ಎಂಬ ವರದಿ ಆಕೆಗೆ ಏನನ್ನೂ ಹೇಳುವುದಿಲ್ಲ. ವಿಪರ್ಯಾಸವೆಂದರೆ ಹೆಚ್ಚಿನ ಕಡೆ ಶಾಲೆಗೆ ತಲುಪುವುದು ಈ ಎರಡನೆಯದೇ, ಅದೂ ಮಕ್ಕಳು ಮುಂದಿನ ತರಗತಿಗೆ ಹೋದ ಮೇಲೆ.

ಒಂದು ಮಗುವಿನ ಅಂಕವನ್ನು ಎಷ್ಟು ನಂಬಬಹುದು?

ಪರೀಕ್ಷೆ ಚೆನ್ನಾಗಿದ್ದರೂ ಸ್ವಲ್ಪ ಅಲುಗಾಟ ಇದ್ದೇ ಇರುತ್ತದೆ. ಅಂಕಗಳ ಮಾನಕ ವಿಚಲನೆ, ಅಂದರೆ ಅವು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ, 15 ಎನ್ನಿ; ವಿಶ್ವಾಸಾರ್ಹತೆ, ಅಂದರೆ ಮತ್ತೆ ಪರೀಕ್ಷಿಸಿದರೂ ಅಂಕ ಎಷ್ಟರ ಮಟ್ಟಿಗೆ ಹಾಗೆಯೇ ಬರುತ್ತದೆ ಎಂಬುದು, 1ಕ್ಕೆ 0.90 ಎಂದಿಟ್ಟುಕೊಳ್ಳಿ (ಇದು ಒಳ್ಳೆಯ ಪರೀಕ್ಷೆಯ ಮಟ್ಟ). ಆಗ ಅಳತೆಯ ದೋಷ 15 × √(1 − 0.90), ಸುಮಾರು 4.7 ಅಂಕ. 60 ಪಡೆದ ಮಗುವಿನ ನಿಜವಾದ ಮಟ್ಟ 55ರಿಂದ 65ರೊಳಗೆ ಎಲ್ಲಾದರೂ ಇರಬಹುದು, ಮೂರರಲ್ಲಿ ಒಂದು ಸಲ ಅದರಿಂದಾಚೆಗೂ ಇರಬಹುದು. 61 ಬಂದವನು 58 ಬಂದವಳಿಗಿಂತ ಮುಂದಿದ್ದಾನೆ ಎಂದು ಹೇಳಲು ಇದರಲ್ಲಿ ಆಧಾರವಿಲ್ಲ.

ತರಗತಿಯ ಸರಾಸರಿಯಲ್ಲಿ ಈ ಅಲುಗಾಟ ಕಳೆದುಹೋಗುವುದಿಲ್ಲವೇ?

ಕಡಿಮೆಯಾಗುತ್ತದೆ, ಕಳೆದುಹೋಗುವುದಿಲ್ಲ. 25 ಮಕ್ಕಳ ತರಗತಿ, ಮಾನಕ ವಿಚಲನೆ 15. ಸರಾಸರಿಯ ಮಾನಕ ದೋಷ, ಅಂದರೆ ಅದೃಷ್ಟದಿಂದಲೇ ಸರಾಸರಿ ಎಷ್ಟು ಅಲುಗಾಡಬಹುದೆಂಬ ಅಳತೆ, 15 ÷ √25 = 3. ಎಂದರೆ ಸರಾಸರಿಯ ಸುತ್ತ ಎರಡೂ ಕಡೆ ಅದರ ಎರಡರಷ್ಟು, ಸುಮಾರು 6 ಅಂಕದ ಪಟ್ಟಿ ಬಿಡಬೇಕು. ಒಬ್ಬ ಶಿಕ್ಷಕರ ತರಗತಿಗೆ 58, ಇನ್ನೊಬ್ಬರದಕ್ಕೆ 63 ಬಂತೆನ್ನಿ. ಇಂಥ ಎರಡು ತರಗತಿಗಳ ನಡುವೆ 8 ಅಂಕದವರೆಗಿನ ಅಂತರ ಯಾವ ಮಕ್ಕಳು ಯಾವ ಕೊಠಡಿಗೆ ಬಿದ್ದರು ಎಂಬ ಅದೃಷ್ಟದಿಂದಲೇ ಬರಬಹುದು. ಆ 5 ಅಂಕದ ಮೇಲೆ ಯಾರಿಗಾದರೂ ಮೆಮೊ ಕೊಟ್ಟರೆ ಅದು ನಾಣ್ಯ ಚಿಮ್ಮಿಸಿ ಕೊಟ್ಟದ್ದಕ್ಕಿಂತ ಅಷ್ಟೇನೂ ಮೇಲಲ್ಲ.

ತರಗತಿ ಚಿಕ್ಕದಾದಷ್ಟೂ ಈ ಏರಿಳಿತ ಜೋರು. ಅಮೆರಿಕದ ಶಾಲಾ ಫಲಿತಾಂಶಗಳನ್ನು ಪರಿಶೀಲಿಸಿದ ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ 2002ರಲ್ಲಿ ಇದನ್ನೇ ತೋರಿಸಿದರು: ಪಟ್ಟಿಯ ತುತ್ತತುದಿಯಲ್ಲೂ ತಳದಲ್ಲೂ ಚಿಕ್ಕ ಶಾಲೆಗಳೇ ಹೆಚ್ಚಾಗಿ ಕಾಣಿಸುತ್ತವೆ. ಇನ್ನೊಂದು ಮಾತು. ಒಂದು ವರ್ಷ ತಳ ಕಂಡ ತರಗತಿಯ ಫಲಿತಾಂಶ ಮುಂದಿನ ವರ್ಷ ಸಾಮಾನ್ಯವಾಗಿ ತಾನಾಗಿಯೇ ಸ್ವಲ್ಪ ಮೇಲೇಳುತ್ತದೆ. ನಡುವೆ ಗದರಿದ ಅಧಿಕಾರಿ ಅದು ತನ್ನ ಗದರಿಕೆಯ ಫಲ ಎಂದೇ ನಂಬುತ್ತಾರೆ.

ಅಂಕದ ಬದಲು ಪ್ರಗತಿ ಅಳೆದರೆ ನ್ಯಾಯ ಸಿಗುತ್ತದೆಯೇ?

ಬರಿಯ ಸರಾಸರಿಗಿಂತ ಖಂಡಿತ ಉತ್ತಮ. ಓದುಬರಹ ಬಲ್ಲ ಮನೆಯ ಮಕ್ಕಳು ತುಂಬಿದ ತರಗತಿಗೂ ಮೊದಲ ತಲೆಮಾರಿನ ಕಲಿಕೆಯ ಮಕ್ಕಳ ತರಗತಿಗೂ ಶುರುವಿನ ಗೆರೆಯೇ ಬೇರೆ ಎಂಬುದನ್ನು ಇದು ಒಪ್ಪಿಕೊಳ್ಳುತ್ತದೆ. ಇದಕ್ಕೆ ಮೌಲ್ಯವರ್ಧನೆಯ ಲೆಕ್ಕ ಎನ್ನುತ್ತಾರೆ. ಪ್ರತಿ ಮಗುವಿನ ಹಿಂದಿನ ವರ್ಷದ ಅಂಕ ನೋಡಿ ಈ ವರ್ಷ ಎಷ್ಟು ಬರಬಹುದೆಂದು ಅಂದಾಜು ಮಾಡುತ್ತಾರೆ. ಬಂದ ಅಂಕದಿಂದ ಆ ಅಂದಾಜನ್ನು ಕಳೆಯುತ್ತಾರೆ. ತರಗತಿಯ ಎಲ್ಲ ಮಕ್ಕಳ ಈ ವ್ಯತ್ಯಾಸದ ಸರಾಸರಿಯೇ ಶಿಕ್ಷಕರ ಪಾಲು ಎಂದು ತಿಳಿಯಲಾಗುತ್ತದೆ.

ಲೆಕ್ಕ ಎಷ್ಟು ಸುಧಾರಿಸುತ್ತದೆ ನೋಡೋಣ. ಹಿಂದಿನ ಅಂಕಕ್ಕೂ ಈಗಿನದಕ್ಕೂ ಸಹಸಂಬಂಧ 0.7 ಇದ್ದರೆ (0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ಣ ಹೊಂದಿಕೆ), ಉಳಿಯುವ ಚದುರುವಿಕೆ 15ರಿಂದ ಸುಮಾರು 10.7ಕ್ಕೆ ಇಳಿಯುತ್ತದೆ. 25 ಮಕ್ಕಳಿಗೆ ಮಾನಕ ದೋಷ 2.1. ಮೂರು ವರ್ಷದ 75 ಮಕ್ಕಳನ್ನು ಒಟ್ಟುಗೂಡಿಸಿದರೆ 1.2. ಆದ್ದರಿಂದಲೇ ಒಂದು ವರ್ಷದ ಅಂಕಿಯ ಮೇಲೆ ಯಾವ ತೀರ್ಮಾನವೂ ಬೇಡ, ಮೂರು ವರ್ಷವಾದರೂ ಬೇಕು ಎಂದು ಒತ್ತಿ ಹೇಳುವುದು.

ಆದರೂ ದೊಡ್ಡ ತೊಡಕೊಂದು ಉಳಿಯುತ್ತದೆ. ಮಕ್ಕಳನ್ನು ಶಿಕ್ಷಕರಿಗೆ ಚೀಟಿ ಎತ್ತಿ ಹಂಚುವುದಿಲ್ಲ. ತುಂಟರನ್ನು ‘ಅವರೇ ನಿಭಾಯಿಸಬಲ್ಲರು’ ಎಂದು ಒಬ್ಬರ ಕೈಗೆ ಕೊಡುವುದು ಎಲ್ಲ ಶಾಲೆಗಳಲ್ಲೂ ಇದೆ. ಅರ್ಥಶಾಸ್ತ್ರಜ್ಞ ಜೆಸ್ಸಿ ರಾತ್‌ಸ್ಟೀನ್ 2010ರಲ್ಲಿ ಒಂದು ಸರಳ ಪರೀಕ್ಷೆ ಒಡ್ಡಿದರು. ಉತ್ತರ ಕೆರೊಲಿನಾದ ಐದನೇ ತರಗತಿಯ ಶಿಕ್ಷಕರು ಅದೇ ಮಕ್ಕಳ ನಾಲ್ಕನೇ ತರಗತಿಯ ಪ್ರಗತಿಯ ಮೇಲೆ ‘ಪ್ರಭಾವ’ ಬೀರಿದ್ದಾರೆಯೇ ಎಂದು ಲೆಕ್ಕ ಹಾಕಿದರು. ಇನ್ನೂ ಪಾಠವನ್ನೇ ಮಾಡದವರ ಪ್ರಭಾವ ಸೊನ್ನೆ ಬರಬೇಕು. ಬರಲಿಲ್ಲ.

ಇನ್ನೊಂದು ಕಡೆಯ ಸಾಕ್ಷ್ಯವನ್ನೂ ಬದಿಗಿಡುವಂತಿಲ್ಲ. ರಾಜ್ ಚೆಟ್ಟಿ, ಜಾನ್ ಫ್ರೀಡ್‌ಮನ್, ಜೋನಾ ರಾಕಫ್ ಇಪ್ಪತ್ತೈದು ಲಕ್ಷ ಮಕ್ಕಳ ದಾಖಲೆ ಹಿಡಿದು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಲೆಕ್ಕದಲ್ಲಿ ಮೇಲಿದ್ದ ಶಿಕ್ಷಕರ ವಿದ್ಯಾರ್ಥಿಗಳು ಕಾಲೇಜಿಗೆ ಹೋಗುವ ಸಂಭವವೂ ಮುಂದಿನ ಗಳಿಕೆಯೂ ಹೆಚ್ಚಿತ್ತು. ಅದೇ ವರ್ಷ ಅಮೆರಿಕನ್ ಸಂಖ್ಯಾಶಾಸ್ತ್ರ ಸಂಘ, ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಶಿಕ್ಷಕರ ಪಾಲು ಶೇ 1ರಿಂದ 14ರವರೆಗೆ ಎಂದು ಹೆಚ್ಚಿನ ಅಧ್ಯಯನಗಳು ಕಂಡಿವೆ ಎಂದು ಹೇಳಿಕೆ ನೀಡಿತು. ಎರಡೂ ಒಟ್ಟಿಗೆ ನಿಜವಾಗಬಹುದು. ಶಿಕ್ಷಕರಿಂದ ವ್ಯತ್ಯಾಸ ಆಗುತ್ತದೆ, ಸಾವಿರಾರು ಶಿಕ್ಷಕರ ಸರಾಸರಿಯಲ್ಲಿ ಅದು ಕಾಣುತ್ತದೆ. ಒಬ್ಬ ಶಿಕ್ಷಕರ ಹೆಸರಿನ ಮುಂದೆ ಒಂದು ಸಂಖ್ಯೆ ಬರೆಯುವಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ನ್ಯಾಯಾಲಯಗಳು ಏನೆಂದಿವೆ?

ನ್ಯೂಯಾರ್ಕ್ ರಾಜ್ಯದ ನಾಲ್ಕನೇ ತರಗತಿ ಶಿಕ್ಷಕಿಯೊಬ್ಬರಿಗೆ ಪ್ರಗತಿ ಲೆಕ್ಕದಲ್ಲಿ ಒಂದು ವರ್ಷ 20ಕ್ಕೆ 14, ಮರುವರ್ಷ 20ಕ್ಕೆ 1 ಬಂತು. ಮಕ್ಕಳ ಅಂಕ ಎರಡೂ ವರ್ಷ ಬಹುತೇಕ ಒಂದೇ ತೆರನಾಗಿತ್ತು. 2016ರಲ್ಲಿ ನ್ಯಾಯಾಲಯ ಆ ಅಂಕವನ್ನು ನಿರಾಧಾರ ಮತ್ತು ಮನಬಂದಂತೆ ಕೊಟ್ಟದ್ದೆಂದು ರದ್ದುಮಾಡಿತು. 2017ರಲ್ಲಿ ಹ್ಯೂಸ್ಟನ್‌ನ ಪ್ರಕರಣದಲ್ಲಿ ಪ್ರಶ್ನೆ ಬೇರೆಯಾಗಿತ್ತು. ಲೆಕ್ಕದ ಸೂತ್ರ ಖಾಸಗಿ ಕಂಪನಿಯ ಗುಟ್ಟು, ಶಿಕ್ಷಕರು ತಮ್ಮ ಅಂಕ ಸರಿಯೇ ಎಂದು ತಾವೇ ತಾಳೆ ನೋಡುವ ದಾರಿಯೇ ಇರಲಿಲ್ಲ. ಹೀಗೆ ಪರಿಶೀಲಿಸಲಾಗದ ಅಂಕದ ಮೇಲೆ ಕೆಲಸದಿಂದ ತೆಗೆಯುವುದು ನ್ಯಾಯಬದ್ಧ ಪ್ರಕ್ರಿಯೆಯೇ ಎಂಬುದು ವಿಚಾರಣೆಗೆ ಅರ್ಹ ಎಂದು ನ್ಯಾಯಾಧೀಶರು ಹೇಳಿದರು.

ಶೇಕಡಾ ಫಲಿತಾಂಶ, ಅಂದರೆ ಪಾಸಾದವರ ಪ್ರಮಾಣ, ಎಲ್ಲರಿಗೂ ಅರ್ಥವಾಗುತ್ತದೆ. ಅದನ್ನೇ ಬಳಸಿದರೇನು?

ಅರ್ಥವಾಗುವ ಅಳತೆಗಳಲ್ಲಿ ಇದೇ ಅತ್ಯಂತ ಕೆಟ್ಟದ್ದು. ಪಾಸಿನ ಗೆರೆ 35 ಎನ್ನಿ. 12ರಿಂದ 30ಕ್ಕೆ ಏರಿದ ಹುಡುಗಿಯ ಶ್ರಮ ಈ ಲೆಕ್ಕದಲ್ಲಿ ಸೊನ್ನೆ. 34ರಿಂದ 35ಕ್ಕೆ ಬಂದ ಹುಡುಗ ಇಡೀ ಒಂದು ಪಾಸು. 80ರಿಂದ 60ಕ್ಕೆ ಕುಸಿದವರು ಕಣ್ಣಿಗೇ ಬೀಳುವುದಿಲ್ಲ. ಒತ್ತಡ ಬಿದ್ದ ಶಾಲೆ ಏನು ಮಾಡುತ್ತದೆ? 28ರಿಂದ 34ರೊಳಗಿನ ಏಳೆಂಟು ಮಕ್ಕಳನ್ನು ಆರಿಸಿ ವಿಶೇಷ ತರಗತಿ ನಡೆಸುತ್ತದೆ. ಶಿಕಾಗೋ ಶಾಲೆಗಳ ಮೇಲೆ ಡೆರೆಕ್ ನೀಲ್ ಮತ್ತು ಡಯಾನ್ ಶಾನ್ಜನ್‌ಬಾಖ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕಂಡಿತು: ನಡುವಿನ ಮಕ್ಕಳ ಅಂಕ ಏರಿತು, ತೀರಾ ಕೆಳಗಿದ್ದವರಿಗೆ ಲಾಭವೇ ಆಗಲಿಲ್ಲ.

ಸರಾಸರಿಯ ಜೊತೆಗೆ ಕೆಳಗಿನ ಕಾಲುಭಾಗದ ಮಕ್ಕಳ ಅಂಕವನ್ನೂ ಪ್ರಕಟಿಸಿದರೆ ಈ ಆಟ ಬಹುಮಟ್ಟಿಗೆ ನಿಲ್ಲುತ್ತದೆ. ಪರೀಕ್ಷೆಗೆ ಹಾಜರಾದವರ ಪ್ರಮಾಣವನ್ನೂ ಕೇಳಿ, ಏಕೆಂದರೆ ಹಿಂದುಳಿದ ಮಕ್ಕಳು ಆ ದಿನ ‘ರಜೆ’ ಹಾಕಿದರೆ ಸರಾಸರಿ ಪುಕ್ಕಟೆಯಾಗಿ ಏರುತ್ತದೆ. ಅಮೆರಿಕದ ಕಾನೂನು ಶೇ 95 ಮಕ್ಕಳು ಪರೀಕ್ಷೆ ಬರೆದಿರಲೇಬೇಕೆಂದು ಷರತ್ತು ಹಾಕಿದ್ದು ಇದಕ್ಕಾಗಿಯೇ.

ಅಂಕಕ್ಕೆ ತಕ್ಕ ಸಂಬಳ ಎಂಬ ಯೋಚನೆ ಎಷ್ಟು ಹಳೆಯದು?

ನೂರಾರುವತ್ತು ವರ್ಷ ದಾಟಿದೆ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ತಂದ ನಿಯಮದಂತೆ, ಶಾಲೆಗೆ ಪ್ರತಿ ಮಗುವಿನ ಹಾಜರಾತಿಗೆ 4 ಶಿಲ್ಲಿಂಗ್, ಓದು, ಬರಹ, ಲೆಕ್ಕದ ಪರೀಕ್ಷೆಗೆ 8 ಶಿಲ್ಲಿಂಗ್ ಸಿಗುತ್ತಿತ್ತು. ಒಂದೊಂದು ವಿಷಯದಲ್ಲಿ ಫೇಲಾದರೂ 2 ಶಿಲ್ಲಿಂಗ್ 8 ಪೆನ್ಸ್ ಕಡಿತ. ಫಲ: ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಮಕ್ಕಳಿಗೆ ಪುಸ್ತಕ ಬಾಯಿಪಾಠವಾಗಿರುತ್ತಿತ್ತು, ಉಳಿದ ವಿಷಯಗಳು ಮೂಲೆ ಸೇರಿದವು. ಆ ಪದ್ಧತಿ 1890ರ ದಶಕದಲ್ಲಿ ಕೊನೆಗೊಂಡಿತು.

ನಂತರದ ದೊಡ್ಡ ಪ್ರಯೋಗ ಅಮೆರಿಕದ್ದು. 2002ರ ಜನವರಿಯಲ್ಲಿ ಸಹಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನು 3ರಿಂದ 8ನೇ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯ ಮಾಡಿತು, 2014ಕ್ಕೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕೆಂದಿತು. ಆ ಗುರಿ ಈಡೇರಲಿಲ್ಲ. ಮಟ್ಟ ಎಷ್ಟೆಂದು ನಿಗದಿ ಮಾಡುವ ಅಧಿಕಾರ ರಾಜ್ಯಗಳ ಕೈಯಲ್ಲೇ ಇದ್ದುದರಿಂದ ಕೆಲವು ರಾಜ್ಯಗಳು ಗೆರೆಯನ್ನೇ ಕೆಳಗಿಳಿಸಿಕೊಂಡವು. 2015ರ ಡಿಸೆಂಬರ್‌ನ ಹೊಸ ಕಾನೂನು ವಾರ್ಷಿಕ ಪರೀಕ್ಷೆ ಉಳಿಸಿಕೊಂಡು, ಶಿಕ್ಷಕರ ಮೌಲ್ಯಮಾಪನ ಹೇಗಿರಬೇಕೆಂಬ ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟಿತು.

ಬೋನಸ್ ಕೊಟ್ಟರೆ ಕಲಿಕೆ ಸುಧಾರಿಸುವುದೇ?

ಎಲ್ಲಿ, ಯಾವುದಕ್ಕೆ ಕೊಡುತ್ತೀರಿ ಎಂಬುದರ ಮೇಲೆ ನಿಂತಿದೆ. ಆಂಧ್ರಪ್ರದೇಶದ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಪ್ರಯೋಗದಲ್ಲಿ ಬೋನಸ್ ಸರಾಸರಿ ವಾರ್ಷಿಕ ಸಂಬಳದ ಶೇ 3 ಮಾತ್ರ. ಎರಡು ವರ್ಷದಲ್ಲಿ ಗಣಿತದಲ್ಲಿ 0.27, ಭಾಷೆಯಲ್ಲಿ 0.17 ಮಾನಕ ವಿಚಲನೆಯಷ್ಟು ಏರಿಕೆ ಕಂಡಿತು. ಬೋನಸ್‌ಗೆ ಸೇರದ ವಿಷಯಗಳಲ್ಲೂ ಸುಧಾರಣೆ ಇತ್ತು. ಕೀನ್ಯಾದ ಪ್ರಯೋಗದಲ್ಲಿ ಹಾಗಾಗಲಿಲ್ಲ: ಬಹುಮಾನಕ್ಕೆ ತಳುಕು ಹಾಕಿದ ಪರೀಕ್ಷೆಯ ಅಂಕ ಏರಿತು, ಶಿಕ್ಷಕರ ಹಾಜರಾತಿ ಏರಲಿಲ್ಲ, ಪರೀಕ್ಷಾ ತಯಾರಿಯ ಹೆಚ್ಚುವರಿ ತರಗತಿಗಳು ಏರಿದವು, ಕಾರ್ಯಕ್ರಮ ಮುಗಿದ ಮೇಲೆ ಲಾಭ ಉಳಿಯಲಿಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗಣಿತ ಶಿಕ್ಷಕರಿಗೆ 15,000 ಡಾಲರ್‌ವರೆಗೆ ಕೊಡುತ್ತೇವೆಂದರೂ ಒಟ್ಟಾರೆ ಪರಿಣಾಮ ಕಾಣಲಿಲ್ಲ.

ಶಿಕ್ಷಕರು ತರಗತಿಗೇ ಬಾರದಿರುವುದು ಸಮಸ್ಯೆಯಾಗಿದ್ದರೆ ಅದನ್ನೇ ನೇರವಾಗಿ ಹಿಡಿಯುವುದು ಲೇಸು. ಉದಯಪುರ ಜಿಲ್ಲೆಯ ಏಕಶಿಕ್ಷಕ ಕಲಿಕಾ ಕೇಂದ್ರಗಳಲ್ಲಿ ದಿನಾಂಕ, ವೇಳೆ ತಿದ್ದಲಾಗದ ಕ್ಯಾಮೆರಾ ಕೊಟ್ಟು, ಹಾಜರಾದ ದಿನಗಳಿಗೆ ತಕ್ಕಂತೆ ಸಂಬಳ ಕೊಟ್ಟಾಗ ಗೈರುಹಾಜರಿ, ಈ ವ್ಯವಸ್ಥೆ ಇಲ್ಲದ ಕೇಂದ್ರಗಳ ಶೇ 42ರ ಎದುರು, ಶೇ 21ಕ್ಕೆ ಇಳಿಯಿತು. ಮಕ್ಕಳ ಅಂಕವೂ ಏರಿತು.

ಪರೀಕ್ಷೆಗೆಂದೇ ಪಾಠ ಮಾಡುವುದು ತಪ್ಪೇ?

ಪಠ್ಯವಸ್ತುವಿನ ಯಾವ ಮೂಲೆಯಿಂದಲಾದರೂ ಪ್ರಶ್ನೆ ಬರಬಹುದಾದರೆ ತಪ್ಪಲ್ಲ, ಪಠ್ಯವೇ ಪಾಠವಾಯಿತು. ಪ್ರತಿ ವರ್ಷವೂ ಅದೇ ಎಂಟು ಬಗೆಯ ಪ್ರಶ್ನೆ ಬರುವುದಾದರೆ ಮಕ್ಕಳು ಪ್ರಶ್ನೆಯ ಆಕಾರ ಕಲಿಯುತ್ತಾರೆ, ವಿಷಯ ಕಲಿಯುವುದಿಲ್ಲ. ಪತ್ತೆಗೆ ಸುಲಭ ಉಪಾಯ: ಅದೇ ವಿಷಯದ ಮೇಲೆ ಬೇರೆ ರೂಪದ ಪರೀಕ್ಷೆಯೊಂದನ್ನು ಮುನ್ಸೂಚನೆ ಇಲ್ಲದೆ ಕೊಡಿ. ಮೊದಲನೆಯದರಲ್ಲಿ ಏರಿದ ಅಂಕ ಎರಡನೆಯದರಲ್ಲಿ ಏರದಿದ್ದರೆ ಏರಿದ್ದು ಕಲಿಕೆಯಲ್ಲ.

ಸಾಮೂಹಿಕ ನಕಲು, ಉತ್ತರ ತಿದ್ದುವಿಕೆ ಪತ್ತೆ ಮಾಡುವುದು ಹೇಗೆ?

ಮೂರು ಗುರುತುಗಳಿವೆ. ಓಎಂಆರ್ ಹಾಳೆಯಲ್ಲಿ ಅಳಿಸಿ ಬರೆದ ಗುರುತುಗಳು: ಮಕ್ಕಳು ತಾವಾಗಿ ಅಳಿಸಿದಾಗ ತಪ್ಪು ಸರಿಯಾಗುವುದೂ ಸರಿ ತಪ್ಪಾಗುವುದೂ ಇರುತ್ತದೆ, ಇಡೀ ಕೊಠಡಿಯಲ್ಲಿ ತಪ್ಪಿನಿಂದ ಸರಿಗೇ ತಿದ್ದಿದ್ದರೆ ದೊಡ್ಡವರ ಕೈ ಇದೆ. ಎರಡು, ಕಠಿಣ ಪ್ರಶ್ನೆಗಳಿಗೆ ಹಲವು ಮಕ್ಕಳ ಉತ್ತರ ಸಾಲುಸಾಲಾಗಿ ಒಂದೇ ಇರುವುದು, ಅದರಲ್ಲೂ ತಪ್ಪು ಉತ್ತರಗಳು ಒಂದೇ ಇರುವುದು. ಮೂರು, ಒಂದು ವರ್ಷ ಚಿಮ್ಮಿ ಮರುವರ್ಷ ಬೇರೆ ಶಿಕ್ಷಕರ ಕೈಯಲ್ಲಿ ನೆಲಕಚ್ಚುವ ಅಂಕ. ಇಂಥ ಗುರುತುಗಳಿಂದಲೇ ಬ್ರಯನ್ ಜೇಕಬ್ ಮತ್ತು ಸ್ಟೀವನ್ ಲೆವಿಟ್ ಶಿಕಾಗೋದಲ್ಲಿ ವರ್ಷಕ್ಕೆ ಕನಿಷ್ಠ ಶೇ 4ರಿಂದ 5ರಷ್ಟು ತರಗತಿಗಳಲ್ಲಿ ಮೋಸ ನಡೆದಿದೆ ಎಂದು 2003ರಲ್ಲಿ ಅಂದಾಜು ಮಾಡಿದರು. ಅಟ್ಲಾಂಟಾದ 2011ರ ತನಿಖಾ ವರದಿಯಲ್ಲಿ 44 ಶಾಲೆಗಳ 178 ಮಂದಿ ಶಿಕ್ಷಕರು, ಮುಖ್ಯಸ್ಥರ ಹೆಸರು ಬಂತು. 2015ರಲ್ಲಿ 11 ಮಂದಿ ಅಪರಾಧಿಗಳೆಂದು ತೀರ್ಪಾಯಿತು.

ತಡೆಯುವುದು ಪತ್ತೆಗಿಂತ ಅಗ್ಗ. ಮೇಲ್ವಿಚಾರಕರು ಬೇರೆ ಶಾಲೆಯವರಾಗಿರಲಿ, ಪ್ರಶ್ನೆಗಳ ಕ್ರಮ ಬದಲಿಸಿದ ಎರಡು ಮೂರು ಆವೃತ್ತಿಗಳಿರಲಿ, ಉತ್ತರ ಪತ್ರಿಕೆಗಳು ಅದೇ ದಿನ ಶಾಲೆಯಿಂದ ಹೊರಬೀಳಲಿ. ಮೋಸದ ಅವಕಾಶ ಹೆಚ್ಚಾಗಿ ಇರುವುದು ರಾತ್ರಿ ಬೀರುವಿನಲ್ಲಿ ಉಳಿದ ಕಟ್ಟಿನಲ್ಲಿ.

ಪರೀಕ್ಷೆಯೇ ಬೇಡ ಎಂದರೆ?

ಆಗ ಯಾವ ಪ್ರದೇಶದ ಮಕ್ಕಳಿಗೆ ಓದಲು ಬರುತ್ತಿಲ್ಲ ಎಂಬುದೇ ಕಾಣದೆ ಹೋಗುತ್ತದೆ. ಅದರ ನಷ್ಟ ಯಾವಾಗಲೂ ಬಡ ಮಕ್ಕಳಿಗೆ. ಆದರೆ ವ್ಯವಸ್ಥೆಯ ಆರೋಗ್ಯ ತಿಳಿಯಲು ಪ್ರತಿ ಮಗುವನ್ನೂ ಕೂರಿಸಬೇಕಿಲ್ಲ. ಹಲವು ದೇಶಗಳ ಮಕ್ಕಳ ಕಲಿಕೆಯನ್ನು ಅಳೆಯುವ, 2000ದಿಂದ ನಡೆಯುತ್ತಿರುವ ಪೀಸಾ ಸಮೀಕ್ಷೆ 15 ವರ್ಷದವರ ಮಾದರಿಯನ್ನಷ್ಟೇ ಪರೀಕ್ಷಿಸುತ್ತದೆ, ಒಂದೊಂದು ಮಗುವಿಗೂ ಪ್ರಶ್ನೆಗಳ ಒಂದು ಭಾಗ ಮಾತ್ರ ಸಿಗುತ್ತದೆ. ಅದರಿಂದ ದೇಶದ ಚಿತ್ರ ಬರುತ್ತದೆ, ಶಿಕ್ಷಕರ ಪಟ್ಟಿ ಮಾಡಲಾಗುವುದಿಲ್ಲ. ಯಾರ ತಲೆದಂಡವೂ ಇಲ್ಲದ್ದರಿಂದ ತಿದ್ದುವ ಆಸೆಯೂ ಕಡಿಮೆ. ಫಿನ್ಲೆಂಡ್ ಮೂಲ ಶಿಕ್ಷಣದಲ್ಲಿ ಇಂಥ ಮಾದರಿ ಪರೀಕ್ಷೆಗಳನ್ನೇ ನಡೆಸುತ್ತದೆ. ಎಲ್ಲರಿಗೂ ಒಂದೇ ಎನ್ನುವ ರಾಷ್ಟ್ರೀಯ ಪರೀಕ್ಷೆ ಹಿರಿಯ ಪ್ರೌಢ ಹಂತದ (ನಮ್ಮ ಪಿಯುಸಿಯಂಥದ್ದು) ಕೊನೆಯಲ್ಲಿ ಮಾತ್ರ.

ತರಗತಿ ವೀಕ್ಷಣೆ ಹೇಗಿದ್ದರೆ ಪ್ರಯೋಜನ?

ಒಬ್ಬರೇ ಬಂದು, ಒಂದೇ ಪಾಠ ನೋಡಿ, ಹಾಜರಿ ಪುಸ್ತಕ ತಿರುವಿ ಹೋಗುವ ವೀಕ್ಷಣೆಯಿಂದ ಏನೂ ತಿಳಿಯುವುದಿಲ್ಲ. ವರ್ಷಕ್ಕೆ ನಾಲ್ಕು ಪಾಠವಾದರೂ ನೋಡಲಿ, ಇಬ್ಬರಾದರೂ ಬೇರೆ ಬೇರೆಯವರು ನೋಡಲಿ. ಅದೇ ವೀಕ್ಷಕರು ಇನ್ನೊಂದು ಪಾಠ ನೋಡುವುದಕ್ಕಿಂತ ಬೇರೊಬ್ಬರು ನೋಡಿದರೆ ವಿಶ್ವಾಸಾರ್ಹತೆ ಹೆಚ್ಚು ಏರುತ್ತದೆ. ‘ಬೋಧನೆ ಉತ್ತಮ’ ಎಂಬ ಷರಾ ಬೇಡ. ಪಾಠದಲ್ಲಿ ಎಷ್ಟು ಮಕ್ಕಳು ಬಾಯಿಬಿಟ್ಟರು, ತಪ್ಪು ಉತ್ತರ ಬಂದಾಗ ಶಿಕ್ಷಕರು ಏನು ಮಾಡಿದರು, ಹಿಂದಿನ ಸಾಲಿನ ಮಗುವಿನ ನೋಟ್‌ಬುಕ್‌ನಲ್ಲಿ ಏನಿತ್ತು, ಇಂಥದ್ದನ್ನು ಬರೆಯಲಿ. ಬರೆದದ್ದನ್ನು ವಾರದೊಳಗೆ ಶಿಕ್ಷಕರ ಮುಂದೆ ಕುಳಿತು ಓದಲಿ.

ಚಿತ್ರಕಲೆ, ಸಂಗೀತ, ದೈಹಿಕ ಶಿಕ್ಷಣದ ಶಿಕ್ಷಕರನ್ನು ಹೇಗೆ ಅಳೆಯುವುದು?

ಅವರ ವಿಷಯಕ್ಕೆ ಪರೀಕ್ಷೆಯಿಲ್ಲವೆಂದು ಗಣಿತದ ಅಂಕವನ್ನು ಅವರ ತಲೆಗೆ ಕಟ್ಟಿದ ಉದಾಹರಣೆಗಳಿವೆ. ಅದಕ್ಕೆ ಸಮರ್ಥನೆಯೇ ಇಲ್ಲ. ವೀಕ್ಷಣೆ ಮತ್ತು ಮಕ್ಕಳ ಕೆಲಸದ ಸಂಗ್ರಹ ಸಾಕು.

ನನ್ನ ಹೆಸರಿನಲ್ಲಿ ಅಂಕದ ವರದಿ ಬಂದಿದೆ. ಶಿಕ್ಷಕನಾಗಿ ನಾನು ಮೊದಲು ಏನು ನೋಡಲಿ?

ಮಕ್ಕಳ ಪಟ್ಟಿ ನೋಡಿ. ಲೆಕ್ಕ ಎಷ್ಟೇ ಜಾಣತನದ್ದಾಗಿರಲಿ, ಹೆಚ್ಚಿನ ತಪ್ಪು ಸಿಗುವುದು ಅಲ್ಲಿ: ನಡುವರ್ಷ ವರ್ಗಾವಣೆಯಾದ ಮಗು, ಬೇರೆ ವಿಭಾಗದ ಮಗು, ನೀವು ರಜೆಯಲ್ಲಿದ್ದಾಗ ಮತ್ತೊಬ್ಬರು ಪಾಠ ಮಾಡಿದ ತಿಂಗಳುಗಳು. ವರ್ಷದ ಮುಕ್ಕಾಲು ಭಾಗವಾದರೂ ನಿಮ್ಮ ಬಳಿ ಇರದ ಮಗುವನ್ನು ತೆಗೆಯಲು ಲಿಖಿತವಾಗಿ ಕೇಳಿ. ನಂತರ ಹಿಂದಿನ ಅಂಕ ಎಷ್ಟು ಮಕ್ಕಳಿಗೆ ಸಿಕ್ಕಿಲ್ಲ ಎಂದು ಎಣಿಸಿ. ಕಾಲುಭಾಗದಷ್ಟು ಮಕ್ಕಳಿಗೆ ಇಲ್ಲದಿದ್ದರೆ ಪ್ರಗತಿಯ ಸಂಖ್ಯೆಗೆ ಬುಡವೇ ಇಲ್ಲ. ಹಿಂದಿನ ವರ್ಷವೇ 95, 98 ಪಡೆದ ಮಕ್ಕಳು ಹೆಚ್ಚಿದ್ದಾರೆಯೇ? ಅವರಿಗೆ ಏರಲು ಜಾಗವೇ ಇರುವುದಿಲ್ಲ, ನಿಮ್ಮ ಅಂಕ ತಾನಾಗಿಯೇ ಕೆಳಗೆ ಬರುತ್ತದೆ. ವಿಶೇಷ ಅಗತ್ಯವಿರುವ ಮಕ್ಕಳಿಗೆ ಹೆಚ್ಚುವರಿ ಸಮಯ ಮತ್ತು ಬರಹಗಾರರನ್ನು ಕೊಟ್ಟಿದ್ದರೇ ಎಂದೂ ವಿಚಾರಿಸಿ.

ಇಷ್ಟೆಲ್ಲ ಆದ ಮೇಲೆ ಎರಡು ದಾಖಲೆ ಕೇಳಿ: ನಿಮ್ಮ ಅಂಕದ ಜೊತೆಗೆ ಅದರ ದೋಷದ ಮಿತಿ, ಮತ್ತು ಪ್ರಶ್ನೆವಾರು ಫಲಿತಾಂಶ. ಮೊದಲನೆಯದು ಮೇಲ್ಮನವಿಗೆ ಬೇಕು. ದೋಷದ ಮಿತಿಯೊಳಗೆ ಶಾಲೆಯ ಸರಾಸರಿಯೂ ಬಿದ್ದರೆ ನೀವು ಸರಾಸರಿಗಿಂತ ಕೆಳಗಿದ್ದೀರಿ ಎಂದು ಯಾರೂ ಹೇಳುವಂತಿಲ್ಲ. ಎರಡನೆಯದು ಮುಂದಿನ ವಾರದ ಪಾಠಕ್ಕೆ.